ಸೋಮವಾರ ಸೊಪ್ಪು ಕೊಯ್ಯದವರು

ಈ ವರ್ಷ ಜೂನ್ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಸೊಪ್ಪು ಬೆಳೆಗಾರರೊಬ್ಬರು ಮುಂಬೈನ ವಿಕ್ರೋಳಿಯ ರೈಲು ಹಳಿ ಪಕ್ಕದ ಮಡಿಗಳಲ್ಲಿ ಪಾಲಕ್ ಕೊಯ್ಯುತ್ತಿದ್ದರು. ಹಿಮ್ಮಡಿಯ ಬಿರುಕುಗಳಿಗೆ ತುಂಬಿಕೊಂಡಿದ್ದ ಮೇಣ ಕೆಸರಿನ ನಡುವೆ ಬೆಳ್ಳಗೆ ಕಾಣುತ್ತಿತ್ತು. ಒಂಬತ್ತು ವರ್ಷಗಳ ಪರಿಚಯದಲ್ಲಿ ಅವರು ಸೋಮವಾರ ಕುಡುಗೋಲು ಹಿಡಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅವರು ಇಂಡಿ ಕಡೆಯವರು. ಅಲ್ಲಿ ಸೋಮವಾರ ಎತ್ತುಗಳಿಗೆ ನೊಗ ಹೂಡುವುದಿಲ್ಲ. ಮುಂಬೈಗೆ ಬಂದು, ಗುತ್ತಿಗೆದಾರನೊಬ್ಬನಿಂದ ಹಳಿ ಬದಿಯ ತುಂಡು ನೆಲ ಪಡೆದು ಸೊಪ್ಪು ಬೆಳೆಯತೊಡಗಿದ ಮೇಲೂ ಅವರು ಅದನ್ನು ಪಾಲಿಸುತ್ತಿದ್ದರು. ಇಲ್ಲಿ ಎತ್ತುಗಳೇ ಇಲ್ಲವಲ್ಲ ಎಂದು ಮೊದಲ ಭೇಟಿಯಲ್ಲೇ ಕೇಳಿದ್ದೆ.

“ಹೂಡಾಂವನೂ ನಾನ, ಎಳ್ಯಾಂವನೂ ನಾನ. ಮತ್ತ ಸೋಮಾರ ಯಾರಿಗಿ ಬಿಡ್ಲಿರಿ?”

ಪ್ರತಿ ಸೋಮವಾರ ತಗಡಿನ ಗುಡಿಸಲ ಮುಂದೆ ಬಕೆಟ್ಟಿನ ಬಿಸಿ ಉಪ್ಪುನೀರಿನಲ್ಲಿ ಕಾಲಿಟ್ಟು ಕೂರುತ್ತಿದ್ದರು. ಕಾಲು ಒರೆಸಿಕೊಂಡ ಮೇಲೆ ಮೇಣಬತ್ತಿ ಕರಗಿಸಿ ಬಿರುಕಿಗೆ ಹಚ್ಚುತ್ತಿದ್ದರು. ಉಳಿದ ದಿನ ಸೊಪ್ಪು ಒಯ್ಯಲು ಬರುವ ಮರಾಠಿ ಹೆಂಗಸು ಆ ದಾರಿಯಲ್ಲಿ ಹೋಗುವಾಗ, “ಕಾಯ್ ಮಾಮಾ, ಸರ್ಕಾರಿ ನೌಕರಿ ಕಾ?” ಎಂದು ಅವರ ವಾರದ ರಜೆಯನ್ನು ಛೇಡಿಸುತ್ತಿದ್ದಳು.

“ಹೋ ಬಾಯಿ, ಪೆನ್ಶನ್ ಒಂದ ಬಾಕಿ.”

ನಾನು ಕೆಲಸ ಮಾಡುವ ಪತ್ರಿಕೆಯಲ್ಲಿ ನನ್ನ ವಾರದ ರಜೆಯೂ ಸೋಮವಾರ. ಬೊರಿವಲಿಯ ಮನೆಯಲ್ಲಿ ನಾನೊಬ್ಬನೇ. ದಾದರಿನಲ್ಲಿ ಗಾಡಿ ಬದಲಿಸಿ ಅವರಲ್ಲಿಗೆ ಹೋಗುತ್ತಿದ್ದೆ. “ಬಂದ್ರಿ? ಕೂಡ್ರಿ. ಇವತ್ತ ಮಾತಿಗೂ ಸುಟ್ಟಿ,” ಎಂದು ಮಾತಿಗೂ ರಜೆ ಕೊಟ್ಟುಬಿಡುತ್ತಿದ್ದರು. ಹಲವು ಸೋಮವಾರಗಳಲ್ಲಿ ಅಷ್ಟೇ ಮಾತು. ಲೋಕಲ್‌ಗಳು ಹೋಗುತ್ತಿದ್ದವು, ನಾವು ಕೂತಿರುತ್ತಿದ್ದೆವು. ಮಳೆಗಾಲದಲ್ಲಿ ಮಡಿಗಳು ಮುಳುಗಿದಾಗ ಗುಡಿಸಲಿಗೆ ಬೀಗ ಹಾಕಿ ನಲವತ್ತು ದಿನ ಊರಿನ ತಂಗಿಯ ಮನೆಗೆ ಹೋಗುತ್ತಿದ್ದರು. ಆ ನಲವತ್ತು ದಿನ ನನ್ನ ಸೋಮವಾರಗಳು ಖಾಲಿ.

ಆ ಜಾಗ ತೆರವು ಮಾಡಿಸಲಿದ್ದಾರೆ ಎಂಬ ಮಾತು ಈ ಏಪ್ರಿಲ್ ಕೊನೆಯಲ್ಲಿ ಹಬ್ಬಿತು. “ಪೇಪರ್‌ನ್ಯಾಗ ಇರೂರು ನೀವು. ಬಿತ್ತಲ್ಯೋ ಬ್ಯಾಡೋ, ಹೇಳ್ರಿ,” ಎಂದರು. ನಾನು ಪರಿಚಯದ ಒಬ್ಬರನ್ನು ವಿಚಾರಿಸಿದೆ. ಮಳೆಗಾಲ ಮುಗಿಯುವವರೆಗೆ ಏನೂ ಆಗದು ಎಂದರು. ಇನ್ನೊಬ್ಬರನ್ನು ಕೇಳಿ ಖಚಿತಪಡಿಸಿಕೊಳ್ಳದೆ, ಬಿತ್ತಿ ಎಂದು ಹೇಳಿಬಿಟ್ಟೆ. ಅವರು ಇಡೀ ನೆಲಕ್ಕೆ ಬಿತ್ತಿದರು.

ಜೂನ್‌ನ ಆ ಸೋಮವಾರದ ಹಿಂದಿನ ಸಂಜೆ ಗುತ್ತಿಗೆದಾರ ಬಂದು, ಮಂಗಳವಾರ ಜೆಸಿಬಿ ಬರುತ್ತದೆ ಎಂದು ತಿಳಿಸಿ ಹೋದ. ಉಳಿದಿದ್ದು ಸೋಮವಾರ ಒಂದೇ.

ನಾನು ಹೋದಾಗ ಅರ್ಧ ಕೊಯ್ದಿದ್ದರು. ಎಲೆಗಳು ಇನ್ನೂ ಎಳೆಯವು. ನನ್ನಿಂದ ತಪ್ಪಾಯಿತು ಎಂದು ಹೇಳಿ, ಬಿದ್ದಿದ್ದ ಇನ್ನೊಂದು ಕುಡುಗೋಲಿಗೆ ಕೈ ಹಾಕಿದೆ. ಅವರು ಅದನ್ನು ಕಸಿದುಕೊಂಡರು.

“ನನ್ನ ಸೋಮಾರ ಅಂತೂ ಮುರೀತು. ನಿಮ್ದ್ಯಾಕ ಮುರೀತೀರಿ? ಇವತ್ತ ನಿಮಗ ಸುಟ್ಟಿ. ಅಲ್ಲಿ ಕೂಡ್ರಿ.”

ಅವರು ಕೊಯ್ದು ಮುಗಿಸುವವರೆಗೆ ನಾನು ಗುಡಿಸಲ ಮುಂದೆ ಕೂತಿದ್ದೆ.

ಈಗ ಅಲ್ಲಿ ಕಾಂಪೌಂಡ್ ಗೋಡೆ ಇದೆ. ಈ ಮಳೆಗಾಲ ಅವರು ಊರಿಗೆ ಹೋಗಲಿಲ್ಲ. ಕಳೆದ ತಿಂಗಳು ಫೋನಿನಲ್ಲಿ ಸಿಕ್ಕಿದ್ದರು. ಥಾಣೆ ನಗರದ ಒಂದು ಬಿಲ್ಡಿಂಗ್‌ನಲ್ಲಿ ವಾಚ್‌ಮನ್ ಆಗಿದ್ದಾರೆ. ಹನ್ನೆರಡು ಗಂಟೆಯ ಡ್ಯೂಟಿ, ವಾರದ ಏಳೂ ದಿನ.