ನಾ ನೋಡೀನ್ರಿ

ನನ್ನ ಮೊಮ್ಮಗಳು ಟಿವಿಯಲ್ಲಿ ಕಬಡ್ಡಿ ಕಾಮೆಂಟರಿ ಹೇಳುವ ಕೆಲಸಕ್ಕೆ ಆಯ್ಕೆಯಾದಳು, ನನಗೆ ಕುಂತಲ್ಲಿ ಕೂರಲಾಗುತ್ತಿಲ್ಲ! ಅವಳಪ್ಪ, ನನ್ನ ಮಗ, ರೇಡಿಯೋದಲ್ಲಿ ಹೇಳುತ್ತಾನೆ. ಅವನಿಗೂ ಮೊದಲು, ಈಗಿಲ್ಲದ ನಮ್ಮ ಯಜಮಾನರು ನಮ್ಮೂರು ಇರಕಲ್ಲಗಡದ ಬಯಲಲ್ಲಿ ಹೇಳುತ್ತಿದ್ದರು. ಮೈಕಿಗೆ ಟವೆಲ್ಲು ಸುತ್ತಿ, ಒಂದು ಕಣ್ಣು ಕಿರಿದು ಮಾಡಿ, ಮಾತುಮಾತಿಗೂ "ನಾ ನೋಡೀನ್ರಿ" ಎನ್ನುವರು.

ಒಮ್ಮೆ ಫೈನಲ್ ಆಟದಲ್ಲಿ, ನಮ್ಮೂರ ತಂಡಕ್ಕೆ ಆಡುತ್ತಿದ್ದ ಮಗನ ಕಾಲು ಗೆರೆ ದಾಟಿತು. ಅಂಪೈರ್ ಗಮನಿಸಲಿಲ್ಲ. ಇವರು ಮೈಕಿನಲ್ಲೇ, "ನನ್ನ ಮಗ ಔಟ್ ಆಗ್ಯಾನ್ರಿ, ನಾ ನೋಡೀನ್ರಿ" ಎಂದುಬಿಟ್ಟರು. ನಮ್ಮೂರು ಸೋತಿತು. ಮಗ ಅಪ್ಪನೊಡನೆ ಮಾತು ಬಿಟ್ಟ. ಮುಂದಿನ ವರ್ಷ ಇವರ ಗಂಟಲು ಕಟ್ಟಿದಾಗ ಮೈಕು ಹಿಡಿದವನೂ ಅವನೇ.

ಇವತ್ತು ಸಂಜೆ ಎಲ್ಲರೂ ಕೂಡಿ ರೊಟ್ಟಿ ಉಣ್ಣುತ್ತಿದ್ದೆವು. ಕಬಡ್ಡಿ ಆಡುವ ಮೊಮ್ಮಗ ಅಕ್ಕನಿಗೆ, "ನಾ ಔಟಾದ್ರ ಸ್ವಲ್ಪ ಸಂಭಾಳ್ಸು ಬೇ" ಎಂದ.

ಮಗ ತಾಟಿನಿಂದ ತಲೆ ಎತ್ತಲಿಲ್ಲ. "ಗೆರಿ ನೋಡಿ ಆಡು ಲೇ. ಈಗ ಉಣ್ಣು."