ಅಂಚು ದಪ್ಪಾದ ರೊಟ್ಟಿ

ಆಗ ನನಗೆ ಅರವತ್ತೊಂದು ವರ್ಷ. ಐದು ವರ್ಷದ ಹಿಂದಿನ ಮಾತು. ಶರಣಮ್ಮ, ನೀನು ಒಂಬತ್ತು ಗುರುವಾರ ಸುರಪುರದಿಂದ ಬಂದು ನಮ್ಮ ಗೇಟಿನ ಹೊರಗೆ ನಿಂತೆ. ಒಂಬತ್ತು ಸಲವೂ ನಾನು ನಿನ್ನ ತಾಯಿಗೆ, “ನಿನ್ನ ಮಗಳು ಬಂದಿಲ್ಲ” ಎಂದು ಹೇಳಿದೆ. ಅವಳು ಅದನ್ನೇ ನಂಬಿ ಸತ್ತಳು.

ಹೇಳಬೇಕಾದದ್ದು ಇಷ್ಟೇ. ಇಷ್ಟು ಹೇಳಲು ಐದು ವರ್ಷ ಹಿಡಿಯಿತು.

ವರ್ಷಕ್ಕೊಮ್ಮೆ, ತಾಯಿ ತೀರಿದ ದಿನ, ನೀನು ಶಹಾಪುರದ ಈ ವೃದ್ಧಾಶ್ರಮಕ್ಕೆ ರೊಟ್ಟಿ, ಪುಂಡಿಪಲ್ಯ ತಂದು ಎಲ್ಲರಿಗೂ ಬಡಿಸುತ್ತೀಯ. ಆಮೇಲೆ ಅಡುಗೆಮನೆಗೆ ಬಂದು ನನ್ನ ಕಾಲು ಮುಟ್ಟುತ್ತೀಯ. “ನಮ್ಮವ್ವಗ ಕಡೀತನಕ ತನ್ನ ಕೈಲೆ ಉಣಿಸ್ಯಾಳ” ಎಂದು ಮಂದಿಗೆ ನನ್ನನ್ನು ತೋರಿಸುತ್ತೀಯ. ಈ ವರ್ಷವೂ ಮುಟ್ಟಿದೆ. ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ — ಅದಕ್ಕೇ ಬರೆಯುತ್ತಿದ್ದೇನೆ. ಅಕ್ಷರ ಮುಪ್ಪಿನಲ್ಲಿ ಕಲಿತವು. ಹೇಗೋ ಓದಿಕೋ.

ಎರಡನೇ ಸಲ ಕೊರೊನಾ ಬಂದಾಗ ಇಲ್ಲಿ ಅಡುಗೆಯವಳು, ಆಯಾ, ಗೇಟಿನ ಕೀಲಿಯವಳು, ಎಲ್ಲ ನಾನೇ. ಉಳಿದವರು ಹೆದರಿ ತಮ್ಮ ತಮ್ಮ ಊರು ಸೇರಿದ್ದರು. ಮನೆಯವರು ಯಾರೂ ಒಳಗೆ ಬರುವಂತಿಲ್ಲ ಎಂದು ಮ್ಯಾನೇಜರ್ ಹೇಳಿದ. ತಂದ ಗಂಟು ಒಂದು ದಿನ ಕಟ್ಟೆಯ ಮೇಲೆ ಬಿಸಿಲಿಗೆ ಬಿದ್ದಿರಬೇಕು, ಆಮೇಲೆ ಒಳಗೆ. ನಿನ್ನ ತಾಯಿ ಮಾನಮ್ಮನ ಮಂಚ ಹಿಂದಿನ ಕೋಣೆಯಲ್ಲಿತ್ತು. ಅಲ್ಲಿಂದ ಗೇಟು ಕಾಣದು. ಕಿವಿ ಮಂದ, ಫೋನಿನಲ್ಲಿ ಏನೂ ಕೇಳಿಸದು. ಅಳಿಯನ ಮನೆಯಲ್ಲಿ ಇರಲಾರೆ ಎಂದು ಹಠ ಮಾಡಿ ತಾನಾಗಿ ಇಲ್ಲಿಗೆ ಬಂದವಳು ಅವಳು. ನೀನು ಅವಳನ್ನು ಬಿಟ್ಟವಳಲ್ಲ. ಅದು ನನಗೆ ಗೊತ್ತಿತ್ತು.

ಆ ಒಂಬತ್ತು ಗುರುವಾರಕ್ಕೂ ಮುಂಚೆ, ಮೊದಲನೇ ಸಲ ನೀನು ಹಾಲಿನ ಗಾಡಿಯಲ್ಲಿ ಕೂತು ಬಂದಾಗ ನಾನು ಅವಳಿಗೆ ನಿಜವನ್ನೇ ಹೇಳಿದ್ದೆ. ಅವಳು ಬರಿಗಾಲಲ್ಲಿ ಓಡಿದಳು. ನೀನು ಕಂಬಿಯೊಳಗೆ ಕೈ ತೂರಿಸಿದೆ. ಅವಳು ಆ ಕೈಯನ್ನು ಕೆನ್ನೆಗೆ ಒತ್ತಿಕೊಂಡು ನಿಂತಳು — ಬಿಡಿಸಲು ಹೋದರೆ ನನ್ನನ್ನು ಕಚ್ಚಲು ಬಂದಳು. ಮ್ಯಾನೇಜರ್ ನೋಡಿದ. ಹದಿನಾಲ್ಕು ದಿನ ಅವಳನ್ನು ಹಿತ್ತಲಿನ ಸಾಮಾನಿನ ಕೋಣೆಯಲ್ಲಿ ಒಬ್ಬಳನ್ನೇ ಇಡಿಸಿದ. ಊಟ, ನೀರು, ಹೊಲಸು ತೆಗೆಯುವುದು, ಎಲ್ಲ ನನ್ನ ತಲೆಗೆ ಬಂತು. ದಿನವಿಡೀ ನಿನ್ನ ಹೆಸರು ಹಿಡಿದು ಕೂಗುತ್ತಿದ್ದಳು. ನನಗೆ ಸಾಕಾಗಿ ಹೋಯಿತು.

ಅವಳ ಮೇಲಿನ ಕರುಣೆಯಿಂದ ಸುಳ್ಳು ಹೇಳಿದೆ ಎಂದು ಯಾರಾದರೂ ಅಂದರೆ ನಂಬಬೇಡ. ನನ್ನ ಕೆಲಸ ಹಗುರಾಗಲಿ ಎಂದು ಹೇಳಿದೆ.

ಆದರೆ ವಾರವಾರ ನಿನ್ನ ಗಂಟಿನಲ್ಲಿ ರೊಟ್ಟಿ ಇರುತ್ತಿತ್ತಲ್ಲ. ಸಣ್ಣವಳಿದ್ದಾಗ ಬೀಸುವ ಕಲ್ಲಿಗೆ ಸಿಕ್ಕು ನಿನ್ನ ಕಿರುಬೆರಳು ಸೊಟ್ಟಗಾಗಿದೆ. ರೊಟ್ಟಿ ಬಡಿಯುವಾಗ ಆ ಬೆರಳು ಊರುವುದಿಲ್ಲ, ಅಂಚು ಒಂದು ಕಡೆ ದಪ್ಪ ಉಳಿಯುತ್ತದೆ. ಕೊರೊನಾಕ್ಕೆ ಮುಂಚೆ ಮಾನಮ್ಮ ಅದನ್ನು ಎಲ್ಲರಿಗೂ ತೋರಿಸಿ ನಗುತ್ತಿದ್ದಳು. “ನೂರು ರೊಟ್ಟ್ಯಾಗ ಇಟ್ರೂ ನನ್ನ ಮಗಳ ರೊಟ್ಟಿ ಹುಡುಕ್ತೀನಿ. ಒಂದ್ ಕಡಿ ಎಮ್ಮಿ ತುಟಿ ಇದ್ದಂಗ ಇರ್ತದ!”

ಅದಕ್ಕೇ ಇಡೀ ರೊಟ್ಟಿ ಅವಳ ಕಣ್ಣಿಗೆ ಬೀಳಲು ನಾನು ಬಿಡಲಿಲ್ಲ. ಅಡುಗೆಮನೆಯಲ್ಲೇ ಪುಡಿ ಮಾಡಿ, ತೊಗರಿಬೇಳೆ ಸಾರಿನಲ್ಲಿ ನೆನೆಸಿ ಒಯ್ದೆ. ಹಲ್ಲಿಲ್ಲದವಳಿಗೆ ಎಷ್ಟು ಜೋಪಾನ ಮಾಡುತ್ತಾಳೆ ಎಂದು ಮ್ಯಾನೇಜರ್ ಹೊಗಳಿದ. ಹೊಗಳಿಸಿಕೊಂಡೆ.

ಮೂರನೇ ವಾರ ಅವಳು ಒಂದು ತುತ್ತು ಬಾಯಲ್ಲಿಟ್ಟು ತಟ್ಟೆ ಬದಿಗಿಟ್ಟಳು.

“ಇದು ಯಾರ ಕೈ ರೊಟ್ಟಿ, ದೇವಮ್ಮ?”

“ನಂದು” ಎಂದು ಅವಳ ಕಿವಿಯಲ್ಲಿ ಕೂಗಿದೆ.

ಪಕ್ಕದ ಮಂಚದ ಖಾಸಿಂಬಿ ನಕ್ಕಳು. “ಯಾ ಅಲ್ಲಾ! ದೇವಮ್ಮನ ರೊಟ್ಟಿ ಸಾರಿನಾಗ ಮೂರು ದಿನ ಇಟ್ರೂ ನೆನ್ಯಾಂಗಿಲ್ಲ. ಇದು ಇಷ್ಟು ಮೆತ್ತಗ ಹ್ಯಾಂಗಾತು?”

ನಾನು ಅವಳನ್ನು ಗುರಾಯಿಸಿದೆ. ಅವಳು ಗೋಡೆ ಕಡೆ ಹೊರಳಿದಳು. ಅವಳ ಊಟವೂ ನನ್ನ ಕೈಯಲ್ಲೇ ಇತ್ತಲ್ಲ.

ಹೊರಗೆ ನಿನಗೊಂದು ಸುಳ್ಳು. ನಿಮ್ಮವ್ವ ಮಲಗ್ಯಾಳ, ಎಬ್ಬಸಬ್ಯಾಡ. ನಿನ್ನ ಹೆಸರು ತಗೊಂಡು ಉಣ್ತಾಳ. “ಎಮ್ಮಿ ತುಟಿ ಅಂತ ಬೈತಾಳೇನ್, ಚಿಗವ್ವ?” ಎಂದು ನೀನು ಮಾಸ್ಕಿನೊಳಗೇ ನಗುತ್ತ ಕೇಳಿದೆ. “ಬೈತಾಳ” ಎಂದೆ. ನೀನು ಹಿಗ್ಗಿ ಹೋದೆ. ಆ ಹಿಗ್ಗಿನಲ್ಲೇ ಮತ್ತೊಂದು ವಾರ, ಮತ್ತೊಂದು ಗಂಟು —

ಆರನೇ ವಾರದಿಂದ ಅವಳು ನಿನ್ನ ಬಗ್ಗೆ ಕೇಳುವುದನ್ನೇ ಬಿಟ್ಟಳು. ನನಗೆ ನಿರಾಳವಾಯಿತು. ಹೌದು, ನಿರಾಳವೇ ಆಯಿತು.

ಒಂಬತ್ತನೇ ಗುರುವಾರ ಅವಳಿಗೆ ಜ್ವರ. ಶುಕ್ರವಾರ ಬೆಳಿಗ್ಗೆ ಉಸಿರು ಮೇಲೆ ಕೆಳಗೆ ಆಗತೊಡಗಿತು. ಬಾಯಿಗೆ ನೀರು ಬಿಡುವಾಗ ನನ್ನ ಮಣಿಕಟ್ಟು ಹಿಡಿದಳು.

“ಶರಣಿಗಿ ಹೇಳಿ ಕಳಸಬ್ಯಾಡ. ಇದ್ದಾಗ ಬರಲಾರ್ದಾಕಿ ಸತ್ತಮ್ಯಾಲ ಬಂದು ಏನ್ ಮಾಡ್ತಾಳ.”

ನಿನ್ನ ಗಂಟು ಹೊರಗೆ ಕಟ್ಟೆಯ ಮೇಲಿತ್ತು. ಹತ್ತು ಹೆಜ್ಜೆ. ಒಂದು ಇಡೀ ರೊಟ್ಟಿ ತಂದು ಅವಳ ಕೈಗೆ ಕೊಟ್ಟಿದ್ದರೆ ಸಾಕಿತ್ತು. ಕಣ್ಣು ಮಂಜಾಗಿದ್ದರೂ ಬೆರಳಿಗೆ ಆ ಅಂಚು ತಿಳಿಯುತ್ತಿತ್ತು. ಬಿಸಿಲಿಗೆ ಹಾಕಿ ಇನ್ನೂ ಒಂದು ದಿನ ಆಗಿರಲಿಲ್ಲ — ಅಲ್ಲ, ಅದೂ ನೆವ. ಕೊಟ್ಟರೆ ನನ್ನ ಸುಳ್ಳೆಲ್ಲ ಬಯಲಾಗುತ್ತಿತ್ತು. ಸಾಯುವವಳ ಮುಂದೆಯೂ ನನ್ನ ಮಾನ ನೋಡಿಕೊಂಡೆ. ಲೋಟ ಹಿಡಿದು ನಿಂತಲ್ಲೇ ನಿಂತೆ. ಮಧ್ಯಾಹ್ನಕ್ಕೆ ಅವಳು ಹೋದಳು.

ಮ್ಯಾನೇಜರ್ ಫೋನು ಮಾಡಿದ ಮೇಲೆ ನೀನು ಬಂದೆ. ಪ್ಲಾಸ್ಟಿಕ್ ಬಟ್ಟೆಯವರು ಅವಳನ್ನು ಸುತ್ತಿ ಗಾಡಿಗೆ ಹಾಕುತ್ತಿದ್ದರು. ನಿನ್ನನ್ನು ಬೇವಿನ ಮರದ ಆಚೆಗೇ ತಡೆದರು. ಹಿಡಿ ಮಣ್ಣು ಹಾಕಲೂ ಬಿಡಲಿಲ್ಲ. ಗಾಡಿ ಹೋದ ಮೇಲೆ ಕಂಬಿ ಹಿಡಿದು ಒಂದೇ ಮಾತು ಕೇಳಿದೆ. “ನಾ ಬರ್ತಿದ್ದದ್ದು ಅವ್ವಗ ಗೊತ್ತಿತ್ತಲ್ಲ, ಚಿಗವ್ವ?”

“ಗೊತ್ತಿತ್ತು” ಎಂದೆ.

ಗೊತ್ತಿರಲಿಲ್ಲ, ಶರಣಮ್ಮ. ನೀನು ಮರೆತೆ ಎಂದೇ ತಿಳಿದು ಹೋದಳು. ಅದನ್ನು ತಿದ್ದಲು ಈಗ ಯಾವ ದಾರಿಯೂ ಇಲ್ಲ. ನೀನು ಕ್ಷಮಿಸಿದರೂ ಅವಳಿಗೆ ತಿಳಿಯುವುದಿಲ್ಲ. ಹಾಗಾಗಿ ಕ್ಷಮೆ ಕೇಳುವುದಿಲ್ಲ. ಇನ್ನು ಮುಂದೆ ನನ್ನ ಕಾಲು ಮುಟ್ಟಬೇಡ, ಅಷ್ಟೇ.

ಮಾರನೇ ದಿನ ಬೆಳಿಗ್ಗೆ ನಿನ್ನ ಕೊನೆಯ ಗಂಟನ್ನು ಒಳಗೆ ತಂದು ಬಿಚ್ಚಿದೆ. ನಾಲ್ಕು ರೊಟ್ಟಿ. ಇನ್ನು ಯಾರಿಂದಲೂ ಮುಚ್ಚಿಡುವ ಅಗತ್ಯವಿರಲಿಲ್ಲ. ಆದರೂ ಕೈ ತನ್ನಷ್ಟಕ್ಕೆ ಪುಡಿ ಮಾಡಿತು. ಸಾರು ಹಾಕಿ ಖಾಸಿಂಬಿಯ ಮುಂದೆ ಇಟ್ಟೆ. ಅವಳು ತಟ್ಟೆ ಮುಟ್ಟಲಿಲ್ಲ.

“ಖರೇ ಹೇಳು, ದೇವಮ್ಮ. ಯಾರ ಕೈ ರೊಟ್ಟಿ ಇದು?”

“ನಂದು” ಎಂದೆ.

“ನಿಂದಾದ್ರ ನೀನ ಉಣ್ಣು” ಎಂದು ತಟ್ಟೆಯನ್ನು ನನ್ನ ಕಡೆ ನೂಕಿದಳು.

ಮಾನಮ್ಮನ ಬರಿದಾದ ಮಂಚದ ಮೇಲೆ ಕೂತು ಉಂಡೆ. ಒಂದು ಚೂರೂ ಬಿಡಲಿಲ್ಲ. ಉಂಡು, ತಟ್ಟೆ ತೊಳೆದಿಟ್ಟು, ಉಳಿದವರಿಗೆ ಚಹಾ ಇಡಲು ಹೋದೆ.