ಹಾಲಿಗಲ್ಲದ ವಾಲ್ವು

ಬೆಳಿಗ್ಗೆ ಒಂಬತ್ತಕ್ಕೆ ಆಫೀಸಿನ ಕುರ್ಚಿಯಲ್ಲಿ ಬಂದು ಕೂತಾಗಲೂ ಮೇಡಂ ಬೆರಳ ತುದಿಗಳು ನೀರಲ್ಲಿ ನೆಂದು ಸುಕ್ಕುಗಟ್ಟಿ ಬೆಳ್ಳಗಿರುತ್ತಿದ್ದವು. ಮೈಸೂರಿನ ಒಂಟಿಕೊಪ್ಪಲಿನ ಮನೆಯಲ್ಲಿ ಮೂರು ಹಸು. ತಿಂಗಳ ವರ್ತನೆಯ ಮನೆಗಳಿಗೆ ಹಾಲು ಹಾಕಿ, ಕ್ಯಾನುಗಳನ್ನು ಬಿಸಿನೀರಲ್ಲಿ ಉಜ್ಜಿ, ಬಸ್ಸು ಹಿಡಿದು ನಮ್ಮ ಕಾರ್ಖಾನೆಗೆ ಬರುವರು. ಕೆಲಸಗಾರರು ಅವರನ್ನು ಕಾಗದದ ಮೇಡಂ ಅನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತಿದ್ದೆ.

ನಮ್ಮದು ವಾಲ್ವು ಮಾಡುವ ಸಣ್ಣ ಕಾರ್ಖಾನೆ, ನಾನು ಮಾಲೀಕ, ಕೆಲಸಕ್ಕೆ ಮೂವತ್ತು ಜನ. ಹೊರದೇಶಕ್ಕೆ ಹೋಗುವ ಪ್ರತಿ ಪೆಟ್ಟಿಗೆಯ ಜೊತೆ ಹೋಗುವ ಕಾಗದ ಮೇಡಂ ಪಾಲು. ಕೊಳ್ಳುವವನ ಹೆಸರು ನಿರ್ಬಂಧದ ಪಟ್ಟಿಯಲ್ಲಿದೆಯಾ, ಸಾಮಾನು ಕೊನೆಗೆ ಯಾರ ಕೈ ಸೇರುತ್ತೆ, ಯುದ್ಧಕ್ಕೂ ಬಳಸಬಹುದಾದ ಸಾಮಾನೇ, ಹಾಗಿದ್ದರೆ ದೆಹಲಿಯ ಪರವಾನಗಿ ಬಂದಿದೆಯಾ, ಇದೆಲ್ಲ ನೋಡಿ ಸೈನ್ ಹಾಕಬೇಕು. ನನಗೋ ಮೂಗಿನ ತುದಿಯಲ್ಲೇ ಕೋಪ. "ಒಂದು ಪೆಟ್ಟಿಗೆಗೆ ಒಂಬತ್ತು ಪ್ರಶ್ನೆ ಕೇಳ್ತೀರಲ್ರೀ" ಅಂತ ಕೂಗಾಡಿದರೆ, "ಬೈಯಿರಿ ಸಾರ್, ಬೈದು ಮುಗಿಸಿ. ಆಮೇಲೆ ವಿಳಾಸ ಹೇಳಿ" ಅನ್ನುವರು. ಮೈ ಉರಿಯುತ್ತಿತ್ತು ನನಗೆ.

ಕೊಲ್ಲಿಯ ಕಡೆಯ ಒಬ್ಬ ವ್ಯಾಪಾರಿಯಿಂದ ಆರ್ಡರು ಬಂದದ್ದು ಮೇಡಂ ಮನೆಯ ಹಸು ಕರು ಹಾಕಿದ ವಾರ. ಮೇಡಂ ರಜೆಯಲ್ಲಿದ್ದರು. ಹಾಲಿನ ಪುಡಿ ಘಟಕಕ್ಕೆ ಮುನ್ನೂರು ವಾಲ್ವು, ಮೊದಲು ಮಾದರಿಗೆ ಐದು ಕಳಿಸಿ ಅಂದ. ನಾವು ಅಷ್ಟು ದೊಡ್ಡ ಆರ್ಡರು ಕಂಡದ್ದೇ ಇಲ್ಲ. ಐದಕ್ಕೆ ಇವರ ರಜೆ ಮುಗಿಯೋವರೆಗೂ ಕಾಯಬೇಕಾ ಅಂತ, ಫಾರಂ ತುಂಬಿ, ಆಹಾರ ಉದ್ಯಮಕ್ಕೆ ಬಳಸುವ ಸಾಧಾರಣ ವಾಲ್ವು ಎಂದು ಬರೆದು, ನಾನೇ ಸೈನ್ ಹಾಕಿ ಕಳಿಸಿಬಿಟ್ಟೆ.

ಮೇಡಂ ವಾಪಸ್ ಬಂದಾಗ ಮುನ್ನೂರರ ಕೆಲಸ ಅರ್ಧ ಆಗಿತ್ತು. ನಕ್ಷೆ ಬಿಡಿಸಿ ಟೇಬಲ್ ಮೇಲೆ ಹರಡಿದವರು ಅಲ್ಲೇ ನಿಂತರು. ಆ ವಾಲ್ವಿನೊಳಗೆ ಹಾರ್ಮೋನಿಯಂ ತಿದಿಯ ಹಾಗೆ ಉಕ್ಕಿನ ಮಡಿಕೆಗಳಿರುತ್ತವೆ, ಸುತ್ತಲೂ ಬೆಸುಗೆ. ಒಂದು ಉಸಿರೂ ಆಚೆ ಸೋರುವುದಿಲ್ಲ, ಬಿಚ್ಚೋಕೂ ಬರುವುದಿಲ್ಲ.

"ಇದು ಹಾಲಿಗಾ ಸಾರ್?" ಅಂದರು.

"ಹೌದು."

"ಈ ಮಡಿಕೆ ಒಳಗೆ ಹಾಲು ಸಿಕ್ಕೊಂಡ್ರೆ ತೊಳೆಯೋದ್ ಹೆಂಗೆ? ಸಂಜೆ ಹೊತ್ಗೆ ಹುಳಿ ಬಂದ್ಬುಡುತ್ತೆ."

"ಹಸು ಕಟ್ಟೋರಿಗೆ ಕಾರ್ಖಾನೆ ವಿಷಯ ಯಾಕ್ರೀ?" ಅಂದುಬಿಟ್ಟೆ. ಎಲ್ಲರ ಎದುರಿಗೇ ಅಂದೆ. ಈಗ ನೆನೆಸಿಕೊಂಡರೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ.

ಅವರು ಫೋನು ತೆಗೆದು, ಸ್ಪೀಕರಿಗೆ ಹಾಕಿ, ಆ ವ್ಯಾಪಾರಿಗೆ ಕರೆ ಮಾಡಿದರು. ತಮ್ಮ ನಿಧಾನದ ಇಂಗ್ಲಿಷಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ. ವಾಲ್ವನ್ನು ಎಷ್ಟು ಗಂಟೆಗೊಮ್ಮೆ ಬಿಚ್ಚಿ ತೊಳೆಯುತ್ತೀರಿ?

ಆತ ನಕ್ಕ. ತೊಳೆಯೋದೇನು ಬಂತು, ಒಮ್ಮೆ ಕೂರಿಸಿದ ಮೇಲೆ ಅದರ ಹತ್ತಿರ ಯಾರೂ ಸುಳಿಯೋ ಹಾಗಿಲ್ಲ ಅಂದ. ಹಾಗಂದವನೇ ಫೋನು ಇಟ್ಟುಬಿಟ್ಟ. ಮತ್ತೆ ಹತ್ತು ಸಲ ಮಾಡಿದರೂ ಎತ್ತಲಿಲ್ಲ. ಹತ್ತಿರ ಸುಳಿಯಬಾರದಂಥದ್ದು ಹಾಲಲ್ಲ ಅಂತ ಆಗ ನನಗೂ ಹೊಳೆಯಿತು.

"ನಿಲ್ಸಿ ಸಾರ್ ಎಲ್ಲಾನೂ. ಇದು ಪರವಾನಗಿ ಬೇಕಾದ ವಾಲ್ವು. ಸದ್ಯ, ಯಾವುದೂ ಹೋಗಿಲ್ವಲ್ಲ" ಅಂದರು.

ಐದು ಹೋಗಿದೆ ಅಂದೆ. ಅಲ್ಲೇ ಇದ್ದ ಪೆಟ್ಟಿಗೆಯ ಮೇಲೆ ದೊಪ್ಪನೆ ಕೂತುಬಿಟ್ಟರು. "ಅಯ್ಯೋ ದೇವ್ರೇ, ಎಂಥ ಕೆಲ್ಸ ಮಾಡ್ಬುಟ್ರಿ!"

ಅವತ್ತೇ ದೆಹಲಿಯ ಪರವಾನಗಿ ಕಚೇರಿಗೆ ಪತ್ರ ಬರೆದು ನನ್ನ ಮುಂದಿಟ್ಟರು. ತಪ್ಪು ವಿವರ ಕೊಟ್ಟು, ಪರವಾನಗಿ ಇಲ್ಲದೆ ಐದು ವಾಲ್ವು ಕಳಿಸಿದ್ದೇವೆ, ನಾವಾಗಿಯೇ ತಿಳಿಸುತ್ತಿದ್ದೇವೆ ಎಂದಿತ್ತು. ನಾನು ಎಗರಾಡಿದೆ. ನಮ್ಮ ತಲೆ ಮೇಲೆ ನಾವೇ ಚಪ್ಪಡಿ ಎಳೆದುಕೊಳ್ಳೋದಾ, ಐದು ವಾಲ್ವು ಯಾರಿಗೆ ಗೊತ್ತಾಗುತ್ತೆ ಅಂದೆ. "ನಮ್ಗೆ ಗೊತ್ತಲ್ಲ ಸಾರ್" ಅಂದು ಪೆನ್ನು ಮುಂದೆ ಹಿಡಿದರು. ಸೈನ್ ಹಾಕಿದೆ, ಹಲ್ಲು ಕಚ್ಚಿಕೊಂಡೇ ಹಾಕಿದೆ.

ನಾಲ್ಕು ತಿಂಗಳಾದ ಮೇಲೆ ದೆಹಲಿಯಿಂದ ಇಬ್ಬರು ಅಧಿಕಾರಿಗಳು ಬಂದರು. ಒಬ್ಬರು ಒಂದು ಫೋಟೊ ಟೇಬಲ್ಲಿನ ಮೇಲಿಟ್ಟರು. ಯಾವ ದೇಶವೋ ಹೇಳಲಿಲ್ಲ. ಅರ್ಧ ಸುಟ್ಟ ಶೆಡ್ಡು, ಗೋಡೆಗುಂಟ ಪೈಪು, ಪೈಪಿನಲ್ಲಿ ಒಂದು ವಾಲ್ವು. ಅದರ ಮೇಲೆ ನಮ್ಮ ಮುದ್ರೆ, ನಮ್ಮ ನಂಬರು.

"ಇಲ್ಲಿ ಏನ್ ಮಾಡ್ತಿದ್ರು ಸಾರ್?" ಅಂದೆ.

"ವಿಷದ ಗಾಳಿ" ಅಂದರು. "ಜನರ ಮೇಲೆ ಬಿಡೋಕೆ."

ಇಲ್ಲಿ ಮೈಸೂರಿನಲ್ಲಿ ನಮ್ಮ ಲೇತಿನಲ್ಲಿ ತಿರುಗಿದ ಉಕ್ಕು, ಆಯುಧಪೂಜೆಗೆ ಕುಂಬಳಕಾಯಿ ಒಡೆಯುವ ಜಾಗದಲ್ಲಿ ಪ್ಯಾಕ್ ಮಾಡಿದ ಪೆಟ್ಟಿಗೆ! ಅಲ್ಲಿದ್ದವರು ಏನಾದರು ಅಂತ ಕೇಳಿದೆ. ಅಧಿಕಾರಿ ಫೈಲು ಮುಚ್ಚಿದರು. ನಾನು ಎದ್ದು ಹೋಗಿ ಲೇತಿನ ಮುಂದೆ ನಿಂತುಕೊಂಡೆ.

ಹಿಂದಿರುಗಿ ಬಂದಾಗ ಮೇಡಂ ಫೋಟೊ ಹಿಡಿದುಕೊಂಡು ಕೇಳುತ್ತಿದ್ದರು, "ಇಲ್ಲಿರೋದು ಒಂದು. ಇನ್ನು ನಾಕು?"

ಅಧಿಕಾರಿ ಉಳಿದ ನಾಲ್ಕರ ನಂಬರು ಬರೆದುಕೊಂಡು, ಹುಡುಕುತ್ತಿದ್ದೇವೆ ಅಂದರು.

ನಿಮ್ಮ ಪತ್ರ ಈ ಫೋಟೊಗಿಂತ ಮೊದಲೇ ತಲುಪಿತ್ತು, ಅದಕ್ಕೇ ಬದುಕಿದಿರಿ ಅಂದರು ಅಧಿಕಾರಿಗಳು. ದಂಡ ಬಿತ್ತು, ಒಂದು ವರ್ಷ ರಫ್ತು ಬಂದ್ ಆಯಿತು. ಆದರೆ ಕಾರ್ಖಾನೆ ಮುಚ್ಚಲಿಲ್ಲ, ಮೂವತ್ತು ಜನರಲ್ಲಿ ಒಬ್ಬರೂ ಕೆಲಸ ಕಳೆದುಕೊಳ್ಳಲಿಲ್ಲ. ಎಲ್ಲರ ಎದುರು ಆಡಿದ ಮಾತಿಗೆ ಎಲ್ಲರ ಎದುರೇ ಕ್ಷಮೆ ಕೇಳಿದೆ. "ಬುಡಿ ಸಾರ್, ಅದನ್ನ ಆಗಲೇ ಮರ್ತೆ" ಅಂದರು ಮೇಡಂ. ಆ ನಾಲ್ಕು ವಾಲ್ವನ್ನು ಮಾತ್ರ ಅವರು ಮರೆಯಲಿಲ್ಲ.

ಹೋದ ವರ್ಷ ಅವರ ಕಿಡ್ನಿ ಕೈಕೊಟ್ಟಿತು. ಆಸ್ಪತ್ರೆಯ ವಾರ್ಡಿಗೆ ನೋಡಲು ಹೋದಾಗ ಮುಖ ಊದಿಕೊಂಡು ಗುರುತೇ ಸಿಗದಂತಾಗಿದ್ದರು. ಹಸುಗಳನ್ನು ತಂಗಿ ಮನೆಗೆ ಕಳಿಸಿದ್ದು ಹೇಳಿದರು. ಆಮೇಲೆ, "ನಾಕರ ಸುದ್ದಿ ಏನಾದ್ರೂ ಬಂತಾ?" ಅಂದರು. ಸಿಕ್ಕಿತು ಅಂತ ಸುಳ್ಳು ಹೇಳೋಣ ಅಂದುಕೊಂಡೇ ಹೋಗಿದ್ದೆ. ಆ ಮುಖ ನೋಡಿಕೊಂಡು ಆಗಲಿಲ್ಲ.

"ಇಲ್ಲ ಮೇಡಂ."

"ಕೇಳ್ತಾ ಇರಿ ಸಾರ್. ನೀವು ಕೇಳೋದ್ ಬುಟ್ರೆ ಇನ್ಯಾರೂ ಕೇಳಲ್ಲ."

ಮೂರನೆಯ ದಿನ ಹೋಗಿಬಿಟ್ಟರು.

ಅಂದಿನಿಂದ ಪ್ರತಿ ತಿಂಗಳೂ ದೆಹಲಿಗೆ ಬರೆಯುತ್ತೇನೆ, ನಾಲ್ಕೂ ನಂಬರು ಹಾಕಿ. ಮಾಹಿತಿ ಇಲ್ಲ ಎಂಬ ಒಂದು ಸಾಲು ಬರುತ್ತದೆ, ಕೆಲವು ಸಲ ಅದೂ ಇಲ್ಲ. ಮೊನ್ನೆ ಬರೆಯುತ್ತಾ ಕೂತಿದ್ದಾಗ ನನ್ನ ಹೆಂಡತಿ ಬಂದು ನೋಡಿ, ಉತ್ತರ ಬರಲ್ಲ ಅಂತ ಗೊತ್ತಿದ್ದೂ ಇನ್ನೂ ಎಷ್ಟು ವರ್ಷ ಬರೀತೀರಿ ಅಂದಳು.

"ಸೈನ್ ನಂದು ಕಣೇ" ಅಂದೆ.